ತಲೆಕೆಳಗಾದ ನಾಲ್ಕು ಪುಟ

ಕಳೆದ ವರ್ಷ ಗೆಳತಿಯೊಬ್ಬಳು ಅಂಗೈಯಗಲದ ಪುಸ್ತಕವೊಂದನ್ನು ಕೈಗಿಟ್ಟಳು. ಅವಳೇ ಬರೆದು, ಚಿತ್ರ ಬಿಡಿಸಿ, ಜೆರಾಕ್ಸ್ ಮಾಡಿಸಿದ್ದು. ಇದಕ್ಕೆ ಝೀನ್ ಅನ್ನುತ್ತಾರೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಅಭಿಮಾನಿಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳಲು ಶುರುಮಾಡಿದ್ದು. ನಮ್ಮ ಹಾಸ್ಟೆಲುಗಳ ಕೈಬರಹದ ಪತ್ರಿಕೆಗಳಿಗೆ ದೂರದ ನೆಂಟ. ಬೆಂಗಳೂರಿನಲ್ಲಿ ಚಿತ್ರ ಬರೆಯುವ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಕಬ್ಬನ್ ಪಾರ್ಕಿನಲ್ಲಿ ಸೇರಿ ಇವನ್ನು ಬದಲಾಯಿಸಿಕೊಳ್ಳುತ್ತೇವೆ.

ನನ್ನ ಮೊದಲ ಝೀನ್ ಅಪ್ಪನ ಬಗ್ಗೆ. ಅವರು ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಕಂಪ್ಯೂಟರ್ ಬಂತು, ಪ್ರೆಸ್ ಮುಚ್ಚಿತು. ಆಮೇಲೆ ಅವರು ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಿದ್ದಷ್ಟು ಬರೆದೆ, ಉಳಿದದ್ದನ್ನು ಊಹಿಸಿಕೊಂಡೆ.

ಒಂದು ಎ4 ಹಾಳೆ ಮಡಚಿ, ನಡುವೆ ಒಂದೇ ಕಡೆ ಕತ್ತರಿಸಿದರೆ ಎಂಟು ಪುಟ. ನಾನು ಎಂಟನ್ನೂ ನೆಟ್ಟಗೇ ಅಂಟಿಸಿ ಮೂವತ್ತು ಪ್ರತಿ ತೆಗೆಸಿದ್ದೆ. ಮನೆಗೆ ತಂದು ಮಡಚಿದರೆ ನಾಲ್ಕು ಪುಟ ತಲೆಕೆಳಗು! ನೆಲದ ಮೇಲೆ ಹರಡಿದ್ದ ಹಾಳೆಗಳಲ್ಲೊಂದನ್ನು ಅಪ್ಪ ಎತ್ತಿಕೊಂಡರು. ಕಿತ್ತುಕೊಳ್ಳೋಣ ಅನ್ನಿಸಿತು. ಅವರು ಪೂರ್ತಿ ಓದಿದರು.

"ಪುಸ್ತಕ ಮಾಡ್ತೀಯ, ಕಾಗದ ಮಡಚೋಕೆ ಬರಲ್ವಲ್ಲೇ" ಎಂದರು. ಖಾಲಿ ಹಾಳೆಯೊಂದನ್ನು ಮಡಚಿ, ಪೆನ್ಸಿಲ್ಲಿನಿಂದ ಪುಟಸಂಖ್ಯೆ ಬರೆದು, ಬಿಡಿಸಿ ತೋರಿಸಿದರು. "ಮೇಲಿನ ಸಾಲು ತಲೆಕೆಳಗೇ ಇರ್ಬೇಕು. ಮಡಚಿದ್ಮೇಲೆ ನೆಟ್ಟಗಾಗುತ್ತೆ. ನಾವು ಫಾರಂ ಕಟ್ತಿದ್ದಿದ್ದೂ ಹೀಗೇ."

ಸ್ವಲ್ಪ ಹೊತ್ತು ಬಿಟ್ಟು ಆರನೆಯ ಪುಟದ ಮೇಲೆ ಬೆರಳಿಟ್ಟರು. 'ಪ್ರೆಸ್ ಮುಚ್ಚಿದ ದಿನ ಅಪ್ಪ ಅತ್ತರು' ಎಂದು ಬರೆದಿದ್ದೆ.

"ಅಳ್ಲಿಲ್ಲ. ಅವತ್ತು ಮೊಳೆಗಳನ್ನೆಲ್ಲ ಸೀಸದ ತೂಕಕ್ಕೆ ಹಾಕಿದ್ರು. ತಕ್ಕಡಿ ಹಿಡಿದಿದ್ದು ನಾನೇ."

ಅವತ್ತು ಕಾಫಿ ಆರಿಹೋಗುವವರೆಗೂ ಮಾತಾಡಿದರು. ಒತ್ತಕ್ಷರಗಳಿಗೇ ಬೇರೆ ಮನೆಗಳಿದ್ದದ್ದು, ಕಣ್ಣು ಹಾಯಿಸುವ ಮೊದಲೇ ಕೈ ಅಲ್ಲಿಗೆ ಹೋಗುತ್ತಿದ್ದದ್ದು, ಅಕ್ಷರಗಳನ್ನು ತಿರುಗುಮುರುಗಾಗಿಯೇ ಓದುತ್ತಿದ್ದದ್ದು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ನನ್ನ ಊಹೆಯೇ ನಿಜವಾಗಿ ಉಳಿದುಬಿಡುತ್ತಿತ್ತು. ಮೂವತ್ತು ಜೆರಾಕ್ಸ್ ಪ್ರತಿಗಳನ್ನು ರದ್ದಿಗೆ ಹಾಕುವುದು ಕಷ್ಟವೇನಲ್ಲ. ಹಾಕಿದೆ. ಆರನೆಯ ಪುಟದಲ್ಲಿ ಅಪ್ಪನ ಮಾತನ್ನೇ ಇಟ್ಟೆ.

ಪಾರ್ಕಿನಲ್ಲಿ ಹುಡುಗನೊಬ್ಬ ಅದನ್ನು ಓದಿ, "ನಮ್ಮ ತಾತನೂ ಕಂಪೋಸಿಟರ್, ಯಾವತ್ತೂ ಕೇಳೇ ಇಲ್ಲ" ಎಂದ. ಮನೆಗೆ ಬಂದು ಹೇಳಿದೆ.

"ಇನ್ನೆಷ್ಟು ಉಳಿದಿವೆ?" ಎಂದರು ಅಪ್ಪ.

"ನಾಲ್ಕು."

"ಮತ್ತೆ ತೆಗೆಸು. ಮಡಚಿಕೊಡ್ತೀನಿ."