ಕಾರಂಜಾ ನೀರು ಸರಿದ ಜಾಗದಲ್ಲಿ

ಬೀದರ್ ಇನ್ನೂ ರಗ್ಗಿನೊಳಗೆ ಮುದುಡಿ ಮಲಗಿದ್ದಾಗಲೇ ನಾನೂ ಸೋದರಳಿಯನೂ ಭಾಲ್ಕಿ ರಸ್ತೆ ಹಿಡಿದೆವು. ಅಂದು ಎಳ್ಳ ಅಮಾವಾಸ್ಯೆ. ನಮ್ಮ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಮಳೆನೀರು ಆ ತೂತುಗಲ್ಲಿನೊಳಗೆ ಇಳಿದು ಗುಡ್ಡದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ, ನೌಬಾದಿನ ಸುರಂಗ ಬಾವಿ, ಎಲ್ಲ ಆ ಕಲ್ಲಿನ ಉಪಕಾರ. ಕೆಳಗಿಳಿದರೆ ಮಣ್ಣು ಕಪ್ಪಾಗುತ್ತದೆ, ನೀರಿನ ನಡತೆಯೂ ಬದಲಾಗುತ್ತದೆ. ಎರೆಮಣ್ಣು ಹಿಡಿದ ಹಸಿಯನ್ನು ಬೇಗ ಬಿಡುವುದಿಲ್ಲ.

ತೆಲಂಗಾಣದ ಕಡೆಯಿಂದ ಹರಿದು ಬಂದು ಮಾಂಜ್ರಾ ಸೇರುವ ಹೊಳೆ ಕಾರಂಜಾ. ಅದಕ್ಕೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ ಅಣೆಕಟ್ಟು ಕಟ್ಟಿದ್ದಾರೆ. ತುಂಬಿದರೆ ಏಳೂವರೆ ಟಿಎಂಸಿಗೂ ಹೆಚ್ಚು ನೀರು. ನಾವು ಇಳಿದದ್ದು ಅದರ ಹಿನ್ನೀರಿಗೆ. ಬೇಲಿಯಿಲ್ಲ, ಟಿಕೆಟ್ಟಿಲ್ಲ, ಹಕ್ಕಿ ನೋಡಲು ಕಟ್ಟಿದ ಅಟ್ಟಣಿಗೆಯಿಲ್ಲ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ನಮ್ಮ ರಾಜ್ಯದಿಂದ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಸೇರಿದವು. ಅಲ್ಲಿ ಕಾರಂಜಾದ ಹೆಸರಿಲ್ಲ. ಹೆಸರಿಲ್ಲದ ಜಾಗಕ್ಕೂ ಹಕ್ಕಿ ಬರುತ್ತದೆ.

ಬರುವುದು ನೀರಿಗಿಂತ ಕೆಸರಿಗೆ. ಇಲ್ಲಿನ ನೆಲ ಬಲು ಮೆಲ್ಲಗೆ ಇಳಿಜಾರು. ನೀರು ಗೇಣು ತಗ್ಗಿದರೂ ಅಗಲವಾದ ಕೆಸರಿನ ಪಟ್ಟಿ ಬಯಲಾಗುತ್ತದೆ. ಅದರಲ್ಲಿ ಹುಳು, ಬಸವನಹುಳು, ಸಿಕ್ಕಿಬಿದ್ದ ಸಣ್ಣ ಮೀನು. ಕಾಲಿನ ಉದ್ದಕ್ಕೆ ತಕ್ಕಂತೆ ಹಕ್ಕಿಗಳು ಜಾಗ ಹಂಚಿಕೊಂಡಿದ್ದವು. ಒದ್ದೆ ಮಣ್ಣಿನ ಮೇಲೆ ಬಾಲ ಕುಣಿಸುವ ಗದ್ದೆಗೊರವ, ಪಾದ ಮುಳುಗುವಲ್ಲಿ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ಮೊಣಕಾಲುದ್ದ ನೀರಿನಲ್ಲಿ ಬಣ್ಣದ ಕೊಕ್ಕರೆ. ಈ ಕೊಕ್ಕರೆ ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತದೆ, ಏನಾದರೂ ತಗುಲಿತೋ, ಟಪ್ಪನೆ ಮುಚ್ಚುತ್ತದೆ. ಅರ್ಧ ಗಂಟೆ ಅದನ್ನೇ ನೋಡುತ್ತ ನಿಂತೆ.

ಆಚೆ ದಿಬ್ಬದ ಮೇಲೆ ಕೇಸರಿ ಬಣ್ಣದ ಜೋಡಿಯೊಂದು ಕೂತಿತ್ತು. ಚಕ್ರವಾಕ! ರಾತ್ರಿಯಿಡೀ ಅಗಲಿ ಒಂದನ್ನೊಂದು ಕೂಗುತ್ತವೆ ಎಂದು ನಮ್ಮ ಹಳೆಯ ಕವಿಗಳು ವಿರಹಕ್ಕೆ ಕರೆತಂದ ಹಕ್ಕಿ. ಅದು ಮೊಟ್ಟೆಯಿಡುವುದು ಲಡಾಖ್, ಟಿಬೆಟ್‌ನಂಥ ಎತ್ತರದ ನಾಡುಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಇಲ್ಲಿ ಕೆಸರು ತೆರೆದುಕೊಂಡಿರುತ್ತದೆ.

ಕೆಸರಿನ ನಡುವೆ ಒಂದು ನೇರ ಗೆರೆ. ಅದರ ಮೇಲೆ ನೀರುಕಾಗೆಗಳು ಸಾಲಾಗಿ ಕೂತು ರೆಕ್ಕೆ ಒಣಗಿಸುತ್ತಿದ್ದವು. ಏನದು ಎಂದು ನಾವು ಬೈನಾಕ್ಯುಲರ್ ತಿರುಗಿಸುತ್ತಿದ್ದಾಗ ಹಿಂದಿನಿಂದ ದನಿ ಬಂತು: “ಅದು ನಮ್ಮಪ್ಪ ಹಾಕಿದ್ದ ಬದುರಿ.”

ಕಡಲೆ ಹೊಲದಿಂದ ಇಳಿದು ಬಂದಿದ್ದ ಹಿರಿಯರು. ಅಣೆಕಟ್ಟು ಬಂದಾಗ ಕೆಳಗಿನ ಹೊಲ ಮುಳುಗಿತು, ಮೇಲಿನ ತುಂಡು ಉಳಿಯಿತು. ವರ್ಷಕ್ಕೊಮ್ಮೆ ನೀರು ಸರಿದಾಗ ಆ ಬದು ಕಾಣುತ್ತದಂತೆ. ಹಕ್ಕಿ ಹುಡುಕಿಕೊಂಡು ಬಂದವನಿಗೆ ಆ ಗೆರೆ ಹಕ್ಕಿಯ ಆಸನವಾಗಿ ಮಾತ್ರ ಕಂಡಿತ್ತು. ಒಂದು ಕುಟುಂಬದ ಅನ್ನದ ಮೇಲೆ ಈ ಹಿನ್ನೀರು ನಿಂತಿದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

“ಕಾಕಾ, ನಾವು ಹೊರಡ್ತೀವಿ” ಎಂದರೆ ಬಿಡಲಿಲ್ಲ. “ಇವತ್ತ ಹೊಲಕ್ಕ ಬಂದವ್ರು ಹಸದು ಹೋಗಬಾರದ್ರಿ.” ಜೋಳದ ದಂಟಿನ ಕೊಂಪೆಯಲ್ಲಿ ಪೂಜೆ ಮುಗಿದಿತ್ತು. ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಮಣ್ಣಿನ ಗಡಿಗೆಯಿಂದ ಹುಳಿ ಅಂಬಲಿ. ಅವರು ಭೂಮಿತಾಯಿಯ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಿದರು. ಕೊನೆಯ ಹಿಡಿಯನ್ನು ನೀರಿನ ಕಡೆಗೆ, ಆ ಬದು ಇದ್ದ ದಿಕ್ಕಿಗೆ ಎರಚಿದರು. ಯಾರೂ ಏನೂ ಅನ್ನಲಿಲ್ಲ.

ಮಧ್ಯಾಹ್ನ ಭಾಲ್ಕಿ ದಾಟಿ ಔರಾದ್ ಕಡೆ ಹೊರಟೆವು. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ದಾರಿಯಲ್ಲಿ ಸಿಕ್ಕಿತು; ದಡದಲ್ಲಿ ದೇವಣಿ ದನಗಳು, ಅವುಗಳ ಕಾಲ ಬಳಿ ಬೆಳ್ಳಕ್ಕಿ. ನಿಲ್ಲಲು ಹೊತ್ತಿರಲಿಲ್ಲ. ನಾವು ಹೊರಟಿದ್ದು ಕೃಷ್ಣಮೃಗಕ್ಕೆ. ಇಲ್ಲಿ ಅದು ಚಿಗರಿ.

ಹೊತ್ತು ಮುಳುಗುವ ಮುಂಚೆ ಕಡಲೆ ಹೊಲವೊಂದರಲ್ಲಿ ಹಿಂಡು ಕಂಡಿತು. ಹೆಣ್ಣುಗಳೂ ಎಳೆಯ ಗಂಡುಗಳೂ ಒಂದೇ ಕಂದು. ವಯಸ್ಸಾದಂತೆ ಗಂಡಿನ ಬೆನ್ನು ಕಪ್ಪೇರುತ್ತದೆ, ಕೊಂಬು ತಿರುಪು ತಿರುಪಾಗಿ ಏಳುತ್ತದೆ. ಅಂಥದೊಂದು ಹಿಂಡಿನಿಂದ ದೂರ ತಲೆಯೆತ್ತಿ ನಿಂತಿತ್ತು. ಬದುವಿನ ಮೇಲೆ ಹೊಲ ಕಾಯುವ ಹುಡುಗ. ಬಹಳ ತಿಂತಾವೇನಪ್ಪ ಎಂದೆ. “ತಿನ್ನೋದು ಕಮ್ಮಿರಿ, ತುಳಿಯೋದು ಹೆಚ್ಚು.” ರಾತ್ರಿಯೆಲ್ಲ ಚಳಿಯಲ್ಲಿ ಕೂರಬೇಕು. ಈ ಪ್ರಾಣಿಗಳು ಉಳಿದಿರುವುದಕ್ಕೆ ಬೆಲೆ ತೆರುತ್ತಿರುವವನು ಈ ಹುಡುಗನೇ. ಆ ಬೆಲೆ ಅವನಿಗೆ ಹೊತ್ತಿಗೆ ಸರಿಯಾಗಿ ಮರಳಿ ಸಿಗಬೇಕು.

ಅವನು ಎದ್ದು ಚಪ್ಪಾಳೆ ತಟ್ಟಿದ. ಹಿಂಡು ಒಮ್ಮೆಲೇ ನೆಗೆಯಿತು. ನೆಲಕ್ಕೆ ಕಾಲು ತಾಗಿದ್ದೇ ಕಾಣಲಿಲ್ಲ. ಪಕ್ಕದ ಬೀಳಿನಲ್ಲಿ ಹೋಗಿ ನಿಂತಿತು. ಹುಡುಗ ನನ್ನ ಬೈನಾಕ್ಯುಲರ್ ಕೇಳಿ ಪಡೆದು, ತುಟಿಯಲ್ಲೇ ಎಣಿಸಿದ.

“ಹದಿನೇಳು. ನಿನ್ನೆ ಹದಿನೆಂಟಿದ್ದವು.”

ಮತ್ತೆ ಮೊದಲಿನಿಂದ ಎಣಿಸತೊಡಗಿದ. ಕತ್ತಲಾಗುವವರೆಗೆ ಬೈನಾಕ್ಯುಲರ್ ಕೆಳಗಿಳಿಸಲಿಲ್ಲ.