ಪಡಸಾಲೆಗೊಂದು ಅಂಚು

ಅಮೀರ್‌ಪೇಟೆಯ ಗಲ್ಲಿಯಲ್ಲಿ ನಾವಿನ್ನೂ ಸ್ವಂತ ಹಳೆಯ ಮನೆಯಲ್ಲೇ ಇದ್ದೇವೆಂದರೆ ಕೇಳಿದವರು ನಮ್ಮನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಎಡಕ್ಕೆ ಕಂಪ್ಯೂಟರ್ ಕಲಿಸುವ ಕ್ಲಾಸು, ಬಲಕ್ಕೆ ಹುಡುಗರ ಹಾಸ್ಟೆಲು, ಗಲ್ಲಿ ದಾಟಿದರೆ 2017ರಿಂದ ಓಡುತ್ತಿರುವ ಮೆಟ್ರೋ. ನಡುವೆ ಹಲ್ಲು ಬಿದ್ದ ಅಜ್ಜನಂತೆ ನಮ್ಮ ಮನೆ. ನಮ್ಮ ತಂದೆಯವರು ಗುಲಬರ್ಗಾದಿಂದ ನೌಕರಿಗೆ ಬಂದು ಕೊಂಡದ್ದು. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು. ಊರು ಆ ಕಡೆ ಹೋಯಿತು, ತಂದೆಯವರು ಈ ಕಡೆ ಉಳಿದರು.

ಪಡಸಾಲೆಯ ಮಾಳಿಗೆ ಈಗಿನಂತೆ ಸಪಾಟಲ್ಲ. ಅಡ್ಡಡ್ಡಲಾಗಿ ಮೂರು ಕಬ್ಬಿಣದ ಗರ್ಡರು, ನಡುನಡುವೆ ಇಟ್ಟಿಗೆ-ಗಾರೆಯ ನಾಲ್ಕು ತಗ್ಗು ಕಮಾನುಗಳು. ಮಲಗಿ ನೋಡಿದರೆ ನಾಲ್ಕು ತೊಟ್ಟಿಲು ಬೋರಲು ಹಾಕಿದಂತೆ ಕಾಣುತ್ತದೆ. ಗುಲಬರ್ಗಾ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಕೆಳಗೆ ಆಡಿ ಬೆಳೆದ ತಂದೆಯವರು ಇದನ್ನು ಕಂಡೇ ಮನೆಗೆ ಮನಸೋತರೆಂದು ಅವ್ವ ಹೇಳುತ್ತಾರೆ. ಬೆಲೆ ಕಡಿಮೆ ಇತ್ತೆಂಬುದನ್ನೂ ಅವ್ವನೇ ಹೇಳುತ್ತಾರೆ.

ಹೋದ ವರ್ಷ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಮನೆಯಲ್ಲೇ ಆಗಬೇಕೆಂದು ಅವ್ವನ ಹಟ. ಆದರೆ ಪಡಸಾಲೆಯ ಉದ್ದಗೋಡೆಯ ತುದಿಯಲ್ಲಿ, ಮಾಳಿಗೆ ಸೇರುವಲ್ಲಿ, ಹಳದಿ ಕಲೆ, ಅದರೊಳಗೊಂದು ಬಿರುಕು. ನಮ್ಮಾಕೆ ಯಾರದೋ ಫ್ಲ್ಯಾಟಿನಲ್ಲಿ ಗೋಡೆಗೂ ಛಾವಣಿಗೂ ನಡುವೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಕಾರ್ನಿಸ್ ನೋಡಿ ಬಂದಿದ್ದಳು. "ಏನ್ರೀ, ಸೀರೆಗೆ ಅಂಚಿದ್ದ ಹಾಗೆ ಇರ್ತದ. ಕಲೆನೂ ಮುಚ್ಚಿಹೋಗ್ತದ" ಎಂದಳು. ಮುಚ್ಚಿಹೋಗುವುದು ನಮಗೂ ಬೇಕಾಗಿತ್ತು. ಪುಣೆಯಲ್ಲಿರುವ ತಮ್ಮ ಎರಡು ವರ್ಷದಿಂದ ಮನೆಯನ್ನು ಬಿಲ್ಡರಿಗೆ ಕೊಡೋಣವೆನ್ನುತ್ತಿದ್ದ. "ಮನೆ ಕಲ್ಲಿನಂತಿದೆ" ಎಂದು ನಾವು ಪ್ರತಿಸಲವೂ ಅವನ ಬಾಯಿ ಮುಚ್ಚಿಸಿದ್ದೆವು.

ಹಳೆಯ ಶಹರದಿಂದ ಒಬ್ಬ ಉಸ್ತಾದರು ಬಂದರು. ಅವರ ಹಿರಿಯರು ಗಾರೆಯ ನಕಾಶಿ ಮಾಡಿದವರಂತೆ; ಸಂತೋಷನಗರದ ಪೈಗಾ ಗೋರಿಗಳ ಗಾರೆ ಕೆಲಸವನ್ನು ನೋಡಿದವರಿಗೆ ಆ ಕಸುಬಿನ ಎತ್ತರ ಗೊತ್ತು. ಈಗ ಅವರ ಹೊಟ್ಟೆಪಾಡು ಪ್ಯಾರಿಸ್ಸಿನ ಹಿಟ್ಟಿನ ಮೇಲೆ. ಹಿಟ್ಟಿಗೆ ಆ ಹೆಸರು ಬಂದದ್ದು ಪ್ಯಾರಿಸ್ಸಿನ ಗುಡ್ಡದ ಜಿಪ್ಸಂ ಗಣಿಗಳಿಂದ. ಜಿಪ್ಸಮ್ಮನ್ನು ಹದವಾಗಿ ಸುಟ್ಟರೆ ಒಳಗಿನ ನೀರಿನ ಬಹುಭಾಗ ಹೋಗಿ ಪುಡಿಯಾಗುತ್ತದೆ. ಮತ್ತೆ ನೀರು ಕಲಸಿದರೆ ಕೆಲವೇ ನಿಮಿಷದಲ್ಲಿ ಕಲ್ಲು. ನಮ್ಮ ಚಹಾ ಆರುವುದರೊಳಗೆ ಉಸ್ತಾದರ ಬುಟ್ಟಿಯಲ್ಲಿ ಉಳಿದದ್ದು ಗಟ್ಟಿಯಾಗಿರುತ್ತಿತ್ತು.

ಅವರು ಮಾಳಿಗೆ ನೋಡಿ ನಕ್ಕರು. "ಸಪಾಟು ಛತ್ತಿಗಾದರೆ ಮೂಲೆಗೆ ನಲವತ್ತೈದು ಡಿಗ್ರಿ ಕೊಯ್ದರೆ ಮುಗೀತು. ಇಲ್ಲಿ?" ಅವರೆಂದದ್ದು ನಿಜ. ಗರ್ಡರಿಗೆ ಸಮವಾದ ಎರಡು ಗೋಡೆಗಳ ಮೇಲೆ ಮಾಳಿಗೆಯ ಅಂಚು ನೇರ. ಉದ್ದಗೋಡೆಗಳ ಮೇಲೆ ನಾಲ್ಕು ಅಲೆ. ನೇರ ಅಚ್ಚಿನ ತುಂಡು ಅಲೆಯ ಮೇಲೆ ಕೂಡುವುದಿಲ್ಲ. ಅಲೆ ಅಲೆ ಸೇರುವಲ್ಲೆಲ್ಲ ಕೋನ ಅಳೆದು ಅದರ ಅರ್ಧಕ್ಕೆ ಕೊಯ್ಯಬೇಕು. ಹಾಗೆ ಮಾಡಿದರೂ ಸೀರೆಯ ಅಂಚು ಮುದ್ದೆಯಾದಂತೆ ಕಾಣುತ್ತದೆ. ನಮ್ಮಾಕೆಯ ಮುಖ ಬಾಡಿತು. "ನಕ್ಕೋ ಅಮ್ಮಾ, ಕಮಾನು ಮುಟ್ಟಬೇಡಿ. ಅದು ಹುಟ್ಟುವ ಗೆರೆಯ ಕೆಳಗೆ, ನಾಲ್ಕೂ ಗೋಡೆಗೆ ಒಂದೇ ಮಟ್ಟದಲ್ಲಿ ಪಟ್ಟಿ ಎಳೀತೇನೆ. ಕಮಾನು ಹಾಗೇ ಮೇಲಿರಲಿ" ಎಂದರು.

ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ಗುರುತಿಸುತ್ತ ಕಲೆಯ ಹತ್ತಿರ ಬಂದಾಗ ಉಸ್ತಾದರು ಕರಣೆಯ ಹಿಡಿಯಿಂದ ಬಡಿದರು. ಸದ್ದು ಪೊಳ್ಳು. ಗಾರೆ ಕೆದರಿದರೆ ಮೂರನೆಯ ಗರ್ಡರಿನ ತುದಿ ಗೋಡೆಯೊಳಗೆ ಹಪ್ಪಳದಂತೆ ಪದರು ಪದರಾಗಿ ಎದ್ದಿತ್ತು. ಮಾಳಿಗೆಯ ಮೇಲಿನ ನೀರಿನ ಕೊಳವೆ ಸೋರಿ ಸೋರಿ ಹೀಗಾಗಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಗೋಡೆ ಸೀಳುತ್ತದೆ. "ಇದರ ಮೇಲೆ ನನ್ನ ಹಿಟ್ಟು ಮೆತ್ತಿದರೆ ತೇವದಲ್ಲಿ ತುಕ್ಕು ಇನ್ನೂ ಜೋರು. ಮುಚ್ಚಬಹುದು ಸಾಬ್, ಆದರೆ ಕೆಳಗೆ ನಿಮ್ಮ ತಾಯಿ ಮಲಗ್ತಾರೆ" ಎಂದರು.

ಆ ರಾತ್ರಿ ಅವ್ವನ ಮಂಚ ಒಳಕೋಣೆಗೆ ಹೋಯಿತು. ನಮಗೆ ನಿದ್ದೆ ಬರಲಿಲ್ಲ. ತಮ್ಮನಿಗೆ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಮನೆ ಹೋದಂತೆಯೇ. ಬೆಳಿಗ್ಗೆ ನಮ್ಮಾಕೆಯೇ ಫೋನು ತಂದು ಕೈಯಲ್ಲಿಟ್ಟಳು. ಎಲ್ಲ ಕೇಳಿ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. "ಇಂಜಿನಿಯರಿಗೆ ತೋರಿಸು ಅಣ್ಣಾ. ಅರ್ಧ ಖರ್ಚು ನನ್ನದು" ಎಂದ. ಬಿಲ್ಡರಿನ ಸುದ್ದಿ ಎತ್ತಲೇ ಇಲ್ಲ.

ಇಂಜಿನಿಯರು ಹೇಳಿದಂತೆ ಜಾಕಿನ ಆಸರೆ ಕೊಟ್ಟು, ಕೊಳೆತ ತುದಿ ಕತ್ತರಿಸಿ, ಹೊಸ ತುಂಡು ಬೆಸೆದು, ಗೋಡೆಯಲ್ಲಿ ಹೊಸ ಹಾಸುಗಲ್ಲಿನ ಮೇಲೆ ಕೂಡಿಸಿದರು. ಕೊಳವೆ ಬದಲಾಯಿತು. ಗೋಡೆ ಒಣಗಲು ತಿಂಗಳು ಹಿಡಿಯಿತು. ಉಸ್ತಾದರು ಅಲ್ಲಿಯವರೆಗೆ ಹಿಟ್ಟು ಮುಟ್ಟಲಿಲ್ಲ. ಆಮೇಲೆ ನಾರು ಸೇರಿಸಿ ನೆಲದ ಮೇಲೆ ಎರಕ ಹೊಯ್ದ ತುಂಡುಗಳನ್ನು ಎರಡೇ ದಿನದಲ್ಲಿ ಕೂಡಿಸಿ, ಸಂದುಗಳನ್ನು ಬೆರಳಿನಿಂದಲೇ ತೀಡಿದರು. ಸಂದು ಎಲ್ಲಿದೆಯೆಂದು ನಮಗಿನ್ನೂ ಸಿಕ್ಕಿಲ್ಲ.

ನಿಶ್ಚಿತಾರ್ಥದ ದಿನ ಬೀಗರು ಮೇಲೆ ನೋಡಲೇ ಇಲ್ಲ; ಅವರ ಕಣ್ಣೆಲ್ಲ ಹೋಳಿಗೆಯ ಮೇಲೆ. ರಾತ್ರಿ ತಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದ. ಚಿಕ್ಕವನಿದ್ದಾಗ ಹಾಗೆಯೇ ಮಲಗಿ ಮಗ್ಗಿ ಹೇಳುತ್ತಿದ್ದ.

"ಅಣ್ಣಾ, ಕಮಾನು ನಾಲ್ಕೇ ಏನು? ನಾನು ಐದು ಅಂದ್ಕೊಂಡಿದ್ದೆ."

"ನಾಲ್ಕೇ. ಮೊದಲಿನಿಂದಲೂ."

"ಮದುವೆ ಆಗಲಿ, ಆಮೇಲೆ ಮನೆ ಮಾತಾಡೋಣ" ಎಂದು ಅವನು ಮಗ್ಗುಲಾದ. ಒಳಗಿನಿಂದ ಅವ್ವ, ತಮ್ಮ ಮಂಚ ಮತ್ತೆ ಪಡಸಾಲೆಗೆ ಯಾವಾಗ ಬರುತ್ತದೆಂದು ಕೇಳುತ್ತಿದ್ದರು.