ತಮ್ಮನ ಜಲೋದರ

ಅಡಿಕೆ ತೋಟವೇ ಪ್ರಪಂಚವೆಂದು ಬಾಳಿದ ನನ್ನ ತಮ್ಮನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆ ಉಬ್ಬತೊಡಗಿತು. ಒಳಗೆ ನೀರು ತುಂಬಿದೆಯೆಂದು ತಿಳಿದ ದಿನವೇ ಊರಿನವರು ರೋಗವನ್ನು ನಿರ್ಣಯಿಸಿಬಿಟ್ಟರು: ಗುಟ್ಟಾಗಿ ಕುಡಿಯುತ್ತಿದ್ದನಂತೆ! ಕಳ್ಳಿನ ವಾಸನೆಯನ್ನೂ ಸಹಿಸದವನು ಅವನು. “ಅಣ್ಣಾ, ಹೊಟ್ಟೆನೋವು ತಡೆದುಕೊಳ್ಳಬಹುದು, ಈ ಮಾತನ್ನಲ್ಲ” ಎಂದನು. ಕಾಸರಗೋಡಿನ ವೈದ್ಯರೊಬ್ಬರು ಯಕೃತ್ತಿನಲ್ಲಿ ದೋಷವಿಲ್ಲವೆಂದರು; ಇನ್ನೊಬ್ಬರು ಕರುಳಿನ ಕ್ಷಯವನ್ನು ಶಂಕಿಸಿದರು. ನಮ್ಮ ದೇಶದಲ್ಲಿ ಆ ಶಂಕೆ ಅಸಹಜವಲ್ಲ.

ಸುಳಿವು ಸಿಕ್ಕಿದ್ದು ಮಂಗಳೂರಿನಲ್ಲಿ, ಹೊಟ್ಟೆಯಿಂದ ತೆಗೆದ ಆ ನೀರಿನಲ್ಲಿಯೇ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅದರಲ್ಲಿ ಕಿಕ್ಕಿರಿದಿದ್ದವು. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇವಕ್ಕೆ ಈ ಹೆಸರಿತ್ತನು. ಇಯೊಸಿನ್ ಎಂಬ ಕೆಂಬಣ್ಣವನ್ನು ಇವು ಹೀರಿಕೊಳ್ಳುತ್ತವೆ. ಆ ಬಣ್ಣದ ಹೆಸರಿನ ಮೂಲ ಗ್ರೀಕರ ಇಯೋಸ್, ಅಂದರೆ ನಮ್ಮ ಉಷೆ. (ರೋಗಿಯ ಪಕ್ಕದಲ್ಲಿ ಕುಳಿತೂ ಶಬ್ದದ ಬೇರು ಹುಡುಕುವುದು ಮೇಷ್ಟರ ಚಾಳಿ.) ಜಂತುಹುಳುಗಳೊಡನೆ ಹೋರಾಡಬೇಕಾದ ಈ ಕಾವಲುಗಾರರು ತಮ್ಮನಲ್ಲಿ ಕರುಳಿನ ಗೋಡೆಗೇ ನುಗ್ಗಿದ್ದರು. ಕಾಯಿಲೆಯ ಹೆಸರು ಇಯೊಸಿನೊಫಿಲಿಕ್ ಗ್ಯಾಸ್ಟ್ರೋಎಂಟರೈಟಿಸ್. ಒಳಪದರಕ್ಕೆ ತಗಲಿದರೆ ನೋವು, ಭೇದಿ, ಸ್ನಾಯುವಿಗಾದರೆ ಆಹಾರದ ದಾರಿಗೇ ತಡೆ, ಹೊರಪದರಕ್ಕಾದರೆ ಜಲೋದರ.

ಆದರೂ ವೈದ್ಯರು ಕೂಡಲೇ ಔಷಧ ಕೊಡಲಿಲ್ಲ. ಎಂಡೋಸ್ಕೋಪಿಯಲ್ಲಿ ಜಠರ ಚೆನ್ನಾಗಿಯೇ ಕಂಡರೂ ಹಲವೆಡೆಗಳಿಂದ ಚೂರು ತೆಗೆದರು. ರೋಗ ಅಲ್ಲಲ್ಲಿ ಮಾತ್ರ ಇರುವುದರಿಂದ ಒಂದೇ ಚೂರನ್ನು ನಂಬುವಂತಿಲ್ಲ. ಬಳಿಕ ಮಲಪರೀಕ್ಷೆ, ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳುವಿಗಾಗಿ ರಕ್ತಪರೀಕ್ಷೆ. ಬರಿಗಾಲಿನಲ್ಲಿ ಮಣ್ಣು ತುಳಿಯುವವರ ಚರ್ಮದ ಮೂಲಕ ಒಳಸೇರುವ ಈ ಹುಳುವಿದ್ದಾಗ ಸ್ಟೀರಾಯ್ಡ್ ಕೊಟ್ಟರೆ, ಅದು ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ಎರವಾದೀತು. ತಡವಾಯಿತೆಂದು ಗೊಣಗುತ್ತಿದ್ದ ತಮ್ಮನ ಹೆಂಡತಿ ಇದನ್ನು ಕೇಳಿ ಗಂಡನ ಪಾದಗಳನ್ನೇ ನೋಡುತ್ತ ಕುಳಿತಳು. ಅವನು ಜೀವಮಾನದಲ್ಲಿ ತೋಟಕ್ಕೆ ಚಪ್ಪಲಿ ಹಾಕಿದವನಲ್ಲ.

ಹುಳುವಿಲ್ಲವೆಂದು ಖಚಿತವಾದ ಮೇಲೆ ಪ್ರೆಡ್ನಿಸೊಲೋನ್ ಆರಂಭವಾಯಿತು. ಎರಡು ವಾರಗಳಲ್ಲಿ ಹೊಟ್ಟೆ ಇಳಿಯಿತು. ಮಾತ್ರೆಯನ್ನು ಥಟ್ಟನೆ ನಿಲ್ಲಿಸದೆ ಮೆಲ್ಲಮೆಲ್ಲನೆ ಕಡಿಮೆ ಮಾಡಿದರು. ಮರುವರ್ಷ ಒಮ್ಮೆ ಮರುಕಳಿಸಿತು. ಈಗ ಹಾಲು, ಗೋಧಿ ಬಿಟ್ಟು ನೋಡಲು ಹೇಳಿದ್ದಾರೆ. ಗೋಧಿಯ ಚಿಂತೆ ಅವನಿಗಿಲ್ಲ. ಮಜ್ಜಿಗೆಗಾಗಿ ಮಾತ್ರ ದಿನವೂ ತಕರಾರು.

ಕುಡಿತದ ಮಾತಾಡಿದವರಲ್ಲೊಬ್ಬರು ಮೊನ್ನೆ ತೋಟಕ್ಕೆ ಬಂದು, ತಮಗೂ ಹೊಟ್ಟೆಯುಬ್ಬರ, ಮಂಗಳೂರಿನ ಆ ವೈದ್ಯರು ಎಲ್ಲಿ ಸಿಗುತ್ತಾರೆಂದು ವಿಚಾರಿಸಿದರು. ತಮ್ಮ ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟನು.